ಗಾಳ ಹಾಕಿ ಮೀನು ಹಿಡಿಯುವ ವಿಧಾನ



ಹೋದ ತಿಂಗಳ ಪತ್ರಿಕೆಯಲ್ಲಿ ಆರನೇ ತರಗತಿಯವರು ರೇಷ್ಮೆ ಹುಳು ಸಾಕುವುದರ ಬಗ್ಗೆ ಚೆನ್ನಾಗಿ ಬರೆದಿದ್ದರು. ಈ ತಿಂಗಳು ಕನ್ನಡ ಮೇಷ್ಟ್ರು ನನ್ನನ್ನು ಕರೆದು “ನಿನಗೆ ಚೆನ್ನಾಗಿ ಗೊತ್ತಿರೋ ಒಂದು ಕೆಲಸದ ಬಗ್ಗೆ ಬರಿ” ಅಂದರು. ನನಗೆ ಭಿನ್ನರಾಶಿ ಲೆಕ್ಕ ಅಷ್ಟು ಬರಲ್ಲ. ಗಾಳ ಹಾಕೋದು ಬರುತ್ತೆ. ಅದನ್ನೇ ಬರಿಯಲಾ ಸಾರ್ ಅಂದೆ. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. “ಹೇಗೆ ಅಂತ ಮಾತ್ರ ಬರೆದರೆ ಸಾಲದು, ಯಾಕೆ ಅಂತಾನೂ ಬರಿ” ಅಂದರು. ಅದಕ್ಕೆ ನನಗೆ ಗೊತ್ತಿಲ್ಲದ ‘ಯಾಕೆ’ಗಳನ್ನು ವಿಜ್ಞಾನದ ಮೇಷ್ಟ್ರನ್ನು ಕೇಳಿ ಬರೆದಿದ್ದೇನೆ. ‘ಹೇಗೆ’ ಎಲ್ಲ ನಮ್ಮ ತಾತ ಕಲಿಸಿದ್ದು.

ನಮ್ಮೂರ ನೀರು, ನಮ್ಮೂರ ಮೀನು

ನಮ್ಮೂರಿಗೆ ಎರಡು ಕಡೆ ನೀರಿದೆ. ಊರ ಮುಂದೆ ಕೆರೆ, ಊರ ಹಿಂದೆ ಹೇಮಾವತಿ ಹೊಳೆ. ಹೇಮಾವತಿ ಮೂಡಿಗೆರೆ ಕಡೆ ಹುಟ್ಟಿ, ಗೊರೂರಿನ ಅಣೆಕಟ್ಟು ದಾಟಿ, ನಮ್ಮ ಕಡೆ ಹರಿದು ಕಾವೇರಿ ಸೇರುತ್ತದೆ. ಹೊಳೆಯಲ್ಲಿ ಬಂಡೆಗಳ ಪಕ್ಕ ಆಳವಾಗಿ ನೀರು ನಿಲ್ಲೋ ಜಾಗಕ್ಕೆ ಮಡು ಅನ್ನುತ್ತೇವೆ. ಬೇಸಿಗೆಯಲ್ಲಿ ಹರಿಯೋ ನೀರು ಬತ್ತಿದರೂ ಮಡುವಿನಲ್ಲಿ ನೀರು ಇರುತ್ತೆ. ಮೀನೆಲ್ಲ ಅಲ್ಲೇ ಸೇರಿಕೊಂಡು ಜೀವ ಉಳಿಸಿಕೊಳ್ಳುತ್ತವೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಕೊನೆಯಲ್ಲಿ ಬೇಕಾಗುತ್ತೆ.

ಸಣ್ಣ ಗಾಳಕ್ಕೆ ಬೀಳುವ ಮೀನುಗಳು ಮುಖ್ಯವಾಗಿ ಇವು:

1. ಪಕ್ಕೆ: ಬೆಳ್ಳಿ ಬಣ್ಣದ್ದು, ಚಪ್ಪಟೆ ಮೈ, ಹೆಬ್ಬೆರಳಿನಷ್ಟರಿಂದ ಅಂಗೈ ಉದ್ದದವರೆಗೆ ಇರುತ್ತೆ. ಗುಂಪು ಗುಂಪಾಗಿ ಓಡಾಡುತ್ತೆ. ಮುಳ್ಳು ಜಾಸ್ತಿ, ರುಚಿ ಜಾಸ್ತಿ.

2. ಜಿಲೇಬಿ: ತಿನ್ನೋ ಜಿಲೇಬಿ ಅಲ್ಲ! ಅಂಗೈ ಅಗಲದ ಕಪ್ಪು ಮೀನು. ಬೆನ್ನ ಮೇಲೆ ಬಾಚಣಿಗೆ ಹಾಗೆ ಮುಳ್ಳಿರುತ್ತೆ. ಕೆರೆಯಲ್ಲಿ ಇದೇ ಜಾಸ್ತಿ. ಇದರ ನಿಜವಾದ ಹೆಸರು ತಿಲಾಪಿಯಾ. ಇದು ನಮ್ಮ ದೇಶದ ಮೀನೇ ಅಲ್ಲವಂತೆ. ಆಫ್ರಿಕಾದ ಮೀನು. 1952ರಲ್ಲಿ ಭಾರತಕ್ಕೆ ತಂದು ಬಿಟ್ಟರಂತೆ. ಈಗ ನೋಡಿದರೆ ನಮ್ಮ ಕೆರೆಗೆ ಇದೇ ಯಜಮಾನ.

3. ಕೊರವ: ಉದ್ದಕ್ಕೆ, ಉರುಳೆಯಾಗಿ, ಹಾವಿನ ತಲೆ ಥರ ತಲೆ. ಬೇರೆ ಮೀನುಗಳನ್ನೂ ಕಪ್ಪೆಗಳನ್ನೂ ನುಂಗುತ್ತೆ. ಇದು ಆಗಾಗ ಮೇಲೆ ಬಂದು ಬಾಯಿ ತೆರೆದು ಗಾಳಿ ಕುಡಿಯುತ್ತೆ. ಅದಕ್ಕೇ ಕೆಸರು ನೀರಲ್ಲೂ ಬದುಕುತ್ತೆ.

4. ಚೇಳುಮೀನು: ಮೀಸೆ ಇರೋ ಮೀನು. ಕಿವಿರಿನ ಹಿಂದೆ ಎರಡು ಕಡೆ ಮುಳ್ಳು. ಚುಚ್ಚಿದರೆ ಹೆಸರಿಗೆ ತಕ್ಕ ಹಾಗೆ ಚೇಳು ಕಡಿದಂಗೇ ಉರಿ.

ಕಾಟ್ಲಾ, ರೋಹು, ಗೆಂಡೆ ಇವು ಕೆರೆಗೆ ಮರಿ ತಂದು ಬಿಟ್ಟು ಬೆಳೆಸೋ ಮೀನು. ಕೆರೆಯನ್ನು ಹರಾಜಿನಲ್ಲಿ ಹಿಡಿದವರು ಬಲೆ ಹಾಕಿ ಇವನ್ನು ಹಿಡಿದು ಮಾರುತ್ತಾರೆ. ಅವರು ಮರಿಗೆ ದುಡ್ಡು ಹಾಕಿರುತ್ತಾರೆ. ಆದ್ದರಿಂದ ಕೆರೆಯಲ್ಲಿ ಗಾಳ ಹಾಕಬೇಕಾದರೆ ಮೊದಲು ಅವರನ್ನು ಕೇಳಬೇಕು. ನಮ್ಮೂರಲ್ಲಿ ಹರಾಜು ಹಿಡಿದವರು “ಜಿಲೇಬಿ, ಪಕ್ಕೆ ಹಿಡ್ಕೊಳ್ಳಿ, ಗೆಂಡೆ ಬಿದ್ರೆ ವಾಪಸ್ ಬಿಡಿ” ಅಂತ ಹೇಳಿದ್ದಾರೆ. ನಾವು ಹಾಗೇ ಮಾಡುತ್ತೇವೆ.

ಬೇಕಾಗುವ ಸಾಮಾನು

ದೊಡ್ಡ ಮೀನು ಹಿಡಿಯೋರ ಹತ್ತಿರ ಚಕ್ರ ಇರೋ ದುಬಾರಿ ಗಾಳದ ಕೋಲು ಇರುತ್ತೆ. ನಮಗೆ ಅದು ಬೇಡ. ಸಣ್ಣ ಮೀನಿಗೆ ಸಣ್ಣ ಸಾಮಾನೇ ಸರಿ.

ಕೋಲು: ಬಿದಿರಿನದು. ಎಂಟು ಅಡಿ ಉದ್ದ ಸಾಕು. ಬುಡ ಕಿರುಬೆರಳು ದಪ್ಪ, ತುದಿ ಪೆನ್ಸಿಲಿನ ಸೀಸಕ್ಕಿಂತ ಸ್ವಲ್ಪ ದಪ್ಪ ಇರಬೇಕು. ಹಸಿ ಬಿದಿರನ್ನು ಕಡಿದು ತಂದು ತುದಿಗೆ ಕಲ್ಲು ಕಟ್ಟಿ ನೆರಳಲ್ಲಿ ನೇತು ಹಾಕಿದರೆ ಹದಿನೈದು ದಿನದಲ್ಲಿ ನೆಟ್ಟಗೆ ಒಣಗುತ್ತೆ. ಬಿಸಿಲಿಗಿಟ್ಟರೆ ಸೀಳುತ್ತೆ. ತುದಿ ಯಾಕೆ ಸಣ್ಣಗಿರಬೇಕು ಅಂದರೆ, ಮೀನು ಎಳೆದಾಗ ತುದಿ ಬಾಗುತ್ತೆ. ಮೀನಿನ ಶಕ್ತಿಯೆಲ್ಲ ಕೋಲನ್ನು ಬಗ್ಗಿಸೋದಕ್ಕೇ ಹೋಗುತ್ತೆ, ದಾರ ತುಂಡಾಗಲ್ಲ. ಗಟ್ಟಿ ದೊಣ್ಣೆಗೆ ದಾರ ಕಟ್ಟಿದರೆ ಒಂದೇ ಎಳೆತಕ್ಕೆ ದಾರ ‘ಪಟ್’ ಅನ್ನುತ್ತೆ.

ದಾರ: ಪ್ಲಾಸ್ಟಿಕ್ ದಾರ. ನಾವು ತಂಗೂಸಿ ಅಂತೀವಿ. ಸಣ್ಣದು, 0.20 ಮಿ.ಮೀ. ದಪ್ಪದ್ದು ಸಾಕು. ದಪ್ಪ ದಾರ ಹಾಕಿದರೆ ಪಕ್ಕೆ ನೋಡಿ ದೂರ ಹೋಗುತ್ತೆ. ದಾರ ಕೋಲಿಗಿಂತ ಒಂದು ಗೇಣು ಕಮ್ಮಿ ಇರಲಿ. ಆಗ ಕೋಲು ಎತ್ತಿದರೆ ಮೀನು ಸೀದಾ ಕೈಗೆ ಬರುತ್ತೆ. ಉದ್ದ ಇದ್ದರೆ ಮೀನು ನಿಮ್ಮ ಹಿಂದೆ ಜಾಲಿ ಮುಳ್ಳಿಗೆ ಹೋಗಿ ಸಿಕ್ಕಿಕೊಳ್ಳುತ್ತೆ. ನಾನು ಮೂರು ಸಲ ಹಾಗೆ ಮಾಡಿ ಬೈಸಿಕೊಂಡಿದ್ದೇನೆ.

ಗಾಳ: ಅಂಗಡಿಯಲ್ಲಿ ನಂಬರ್ ಮೇಲೆ ಕೊಡುತ್ತಾರೆ. ಇಲ್ಲೊಂದು ತಮಾಷೆ ಇದೆ. ನಂಬರ್ ದೊಡ್ಡದಾದಷ್ಟೂ ಗಾಳ ಚಿಕ್ಕದು. ಜಿಲೇಬಿಗೆ 10, ಪಕ್ಕೆಗೆ 12 ಅಥವಾ ಇನ್ನೂ ಚಿಕ್ಕದು. ಪಕ್ಕೆಯ ಬಾಯಿ ಅವರೆಕಾಳಿನಷ್ಟು ಇರುತ್ತೆ, ದೊಡ್ಡ ಗಾಳ ಹಾಕಿದರೆ ಎರೆ ತಿಂದು ಗಾಳ ಬಿಟ್ಟು ಹೋಗುತ್ತೆ. ಬಹಳ ಜನ ‘ಮೀನೇ ಇಲ್ಲ’ ಅಂತ ವಾಪಸ್ ಬರೋದು ಈ ಕಾರಣಕ್ಕೇ.

ಬೆಂಡು: ನೀರಿನ ಮೇಲೆ ತೇಲೋ ತುಂಡು. ಒಣಗಿದ ಜೋಳದ ದಂಟಿನ ಒಳಗಿನ ಬೆಂಡು, ಹಳೇ ಹವಾಯಿ ಚಪ್ಪಲಿ ತುಂಡು, ಉದುರಿದ ನವಿಲುಗರಿಯ ಬಿಳಿ ಕಡ್ಡಿ, ಯಾವುದಾದರೂ ಆಗುತ್ತೆ. ನವಿಲುಗರಿ ಕಡ್ಡಿ ಎಲ್ಲಕ್ಕಿಂತ ಒಳ್ಳೇದು. ಹಗುರ ಇರೋದರಿಂದ ಮೀನು ಮೂತಿ ಮುಟ್ಟಿದರೂ ಅಲ್ಲಾಡುತ್ತೆ.

ಗುಂಡು: ದಾರ ಮುಳುಗೋದಕ್ಕೆ ಗಾಳದಿಂದ ಒಂದು ಗೇಣು ಮೇಲೆ ಚಿಕ್ಕ ಸೀಸದ ಗುಂಡು. ಮೆಣಸಿನ ಕಾಳಿನಷ್ಟು ಸಾಕು. ಗುಂಡಿನ ತೂಕ ಸರಿಯಾಗಿದ್ದರೆ ಬೆಂಡು ನೆಟ್ಟಗೆ ನಿಂತು ತಲೆ ಮಾತ್ರ ಕಾಣುತ್ತೆ. ಗುಂಡು ಹಗುರವಾದರೆ ಬೆಂಡು ಮಲಗುತ್ತೆ, ಭಾರವಾದರೆ ಮುಳುಗುತ್ತೆ. ಗುಂಡನ್ನು ಹಲ್ಲಿನಲ್ಲಿ ಕಚ್ಚಿ ಕೂರಿಸಬೇಡಿ. ಸೀಸ ವಿಷ ಅಂತ ವಿಜ್ಞಾನದ ಮೇಷ್ಟ್ರು ಹೇಳಿದ್ದಾರೆ. ಇಕ್ಕಳದಲ್ಲಿ ಒತ್ತಿ, ಆಮೇಲೆ ಕೈ ತೊಳೆಯಿರಿ.

ನಾನು ದಾರ, ಗಾಳ, ಗುಂಡು ಎಲ್ಲ ಸಂತೆಯಲ್ಲಿ ತಂದದ್ದು ನಲವತ್ತು ರೂಪಾಯಿಗೆ. ಒಂದು ವರ್ಷ ಬಂದಿದೆ.

ಗಾಳ ಕಟ್ಟುವುದು

ಸುಮ್ಮನೆ ಎರಡು ಗಂಟು ಹಾಕಿದರೆ ತಂಗೂಸಿ ಜಾರುತ್ತೆ, ಅದು ನುಣುಪು. ಹೀಗೆ ಮಾಡಿ:

1. ದಾರದ ತುದಿಯನ್ನು ಗಾಳದ ಕಣ್ಣಿಗೆ ಪೋಣಿಸಿ, ಅರ್ಧ ಗೇಣು ಆಚೆ ಎಳೆಯಿರಿ.
2. ಆ ತುದಿಯನ್ನು ಉದ್ದ ದಾರದ ಸುತ್ತ ಐದು ಸಲ ಸುತ್ತಿ.
3. ಗಾಳದ ಕಣ್ಣಿನ ಹತ್ತಿರ ಒಂದು ಸಣ್ಣ ಉಂಗುರದಂಥ ಸಂದು ಆಗಿರುತ್ತೆ. ತುದಿಯನ್ನು ಅದರೊಳಗೆ ತೂರಿಸಿ.
4. ಎಂಜಲು ಹಚ್ಚಿ ಒದ್ದೆ ಮಾಡಿ, ನಿಧಾನವಾಗಿ ಬಿಗಿ ಮಾಡಿ. ಉಳಿದ ತುದಿ ಕತ್ತರಿಸಿ.

ಎಂಜಲು ಯಾಕೆ? ಒಣ ದಾರವನ್ನು ಜೋರಾಗಿ ಎಳೆದರೆ ಉಜ್ಜಿ ಬಿಸಿಯಾಗುತ್ತೆ. ಬಿಸಿಯಾದ ಜಾಗದಲ್ಲಿ ದಾರ ಬಲ ಕಳಕೊಳ್ಳುತ್ತೆ. ಇದು ಘರ್ಷಣೆ ಪಾಠದಲ್ಲಿ ಬರುತ್ತೆ. ಎರಡು ಅಂಗೈ ಉಜ್ಜಿ ನೋಡಿ, ಗೊತ್ತಾಗುತ್ತೆ.

ಎರೆ

ಎರೆ ಅಂದರೆ ಗಾಳಕ್ಕೆ ಸಿಕ್ಕಿಸೋ ತಿಂಡಿ. ಎಲ್ಲಾ ಮೀನಿಗೂ ಆಗೋದು ಎರೆಹುಳ. ತಿಪ್ಪೆ ಪಕ್ಕ, ಬಚ್ಚಲು ನೀರು ಹೋಗೋ ಬಾಳೆ ಬುಡದಲ್ಲಿ ಅಗೆದರೆ ಸಿಗುತ್ತೆ. ತೆಂಗಿನ ಚಿಪ್ಪಿನಲ್ಲಿ ಒದ್ದೆ ಮಣ್ಣು ಹಾಕಿ ಅದರಲ್ಲಿ ಇಟ್ಟುಕೊಳ್ಳಿ. ಬೇಕಾದಷ್ಟೇ ಅಗೆಯಿರಿ. ಉಳಿದದ್ದನ್ನು ಮತ್ತೆ ಬಾಳೆ ಬುಡಕ್ಕೇ ಬಿಡಿ, ಅದು ರೈತನ ಗೆಳೆಯ.

ಪೂರ್ತಿ ಹುಳ ಸಿಕ್ಕಿಸಬಾರದು. ಪಕ್ಕೆ ನೇತಾಡೋ ತುದಿಯನ್ನು ಕಚ್ಚಿ ಕಚ್ಚಿ ತಿಂದು ಹೋಗುತ್ತೆ. ಒಂದು ಉಗುರಿನಷ್ಟು ತುಂಡು ಸಾಕು. ಗಾಳದ ಮೊನೆ ಮುಚ್ಚಬೇಕು.

ಜಿಲೇಬಿಗೆ ಮೈದಾ ಹಿಟ್ಟಿನ ಉಂಡೆಯೂ ಆಗುತ್ತೆ, ರಾಗಿ ಮುದ್ದೆಯೂ ಆಗುತ್ತೆ. ನಮ್ಮ ತಾತ ಬೆಳಿಗ್ಗೆ ತಂಗಳು ಮುದ್ದೆಯಲ್ಲಿ ಒಂದು ಉಂಡೆ ಮುರಿದು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿತ್ತು. ಅರ್ಧ ಮೀನಿಗೆ, ಅರ್ಧ ತಾತನಿಗೆ! ಮುದ್ದೆ ಬೇಗ ಕರಗುತ್ತೆ. ಅದಕ್ಕೆ ಸ್ವಲ್ಪ ಹತ್ತಿ ಸೇರಿಸಿ ನಾದಿದರೆ ಗಾಳಕ್ಕೆ ಅಂಟಿಕೊಳ್ಳುತ್ತೆ. ಹೊಳೆಯಲ್ಲಿ ಮಳೆಗಾಲ ಮುಗಿದ ಮೇಲೆ ಮಿಡತೆಯೂ ಒಳ್ಳೆಯ ಎರೆ.

ಎಲ್ಲಿ ಹಾಕಬೇಕು, ಯಾವಾಗ ಹಾಕಬೇಕು

ಮೀನು ನೀರಲ್ಲಿ ಎಲ್ಲಾ ಕಡೆ ಇರಲ್ಲ. ಅದಕ್ಕೆ ಮೂರು ಬೇಕು: ತಿಂಡಿ, ನೆರಳು, ಬಚ್ಚಿಟ್ಟುಕೊಳ್ಳೋ ಜಾಗ. ಕೆರೆಯಲ್ಲಿ ತೂಬಿನ ಹತ್ತಿರ, ಆಪು ಬೆಳೆದ ಅಂಚಿನಲ್ಲಿ, ಬಾಗಿದ ಹೊಂಗೆ ಮರದ ಕೆಳಗೆ ಇರುತ್ತೆ. ಹೊಂಗೆ ಹೂವು, ಹುಳ ಎಲ್ಲ ನೀರಿಗೆ ಉದುರುತ್ತಲ್ಲ, ಅದಕ್ಕೆ. ಹೊಳೆಯಲ್ಲಾದರೆ ಬಂಡೆಯ ಹಿಂದೆ. ಜೋರು ನೀರಲ್ಲಿ ಈಜಿ ಸುಸ್ತಾಗೋದು ಮೀನಿಗೂ ಬೇಡ. ಬಂಡೆಯ ಹಿಂದೆ ನೀರು ಸುತ್ತುತ್ತಾ ನಿಧಾನ ಆಗುತ್ತೆ. ಮೀನು ಅಲ್ಲಿ ನಿಂತು, ಪಕ್ಕದಲ್ಲಿ ಹರಿದು ಬರೋ ತಿಂಡಿ ಹಿಡಿಯುತ್ತೆ.

ಹೊತ್ತು ಹುಟ್ಟಿದ ಮೇಲೆ ಎರಡು ಗಂಟೆ, ಹೊತ್ತು ಮುಳುಗೋ ಮುಂಚೆ ಎರಡು ಗಂಟೆ ಒಳ್ಳೆ ಸಮಯ. ನಡು ಮಧ್ಯಾಹ್ನ ಅಂಚಿನ ನೀರು ಕಾಯುತ್ತೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರೋ ಆಮ್ಲಜನಕ ಕಮ್ಮಿಯಾಗುತ್ತೆ. ಮೀನು ಆಳಕ್ಕೆ ಹೋಗಿ ಸುಮ್ಮನೆ ನಿಲ್ಲುತ್ತೆ. ಶಾಲೆಗೆ ಚಕ್ಕರ್ ಹಾಕಿ ಮಧ್ಯಾಹ್ನ ಹೋಗೋರಿಗೆ ಮೀನು ಸಿಗಲ್ಲ, ಮೇಷ್ಟ್ರ ಏಟು ಸಿಗುತ್ತೆ.

ದಡದಲ್ಲಿ ಧಡಧಡ ಓಡಬೇಡಿ. ಮೀನಿಗೆ ಹೊರಗೆ ಕಿವಿ ಕಾಣಲ್ಲ ಅಂತ ಅದಕ್ಕೆ ಕೇಳಲ್ಲ ಅನ್ಕೋಬೇಡಿ. ಕಿವಿ ತಲೆಯ ಒಳಗೇ ಇದೆ. ಅದೂ ಅಲ್ಲದೆ ಮೈಯ ಎರಡು ಪಕ್ಕದಲ್ಲೂ ಕಿವಿರಿನಿಂದ ಬಾಲದ ಕಡೆಗೆ ಒಂದು ಗೆರೆ ಇರುತ್ತೆ. ನೀರು ಸ್ವಲ್ಪ ಅದುರಿದರೂ ಆ ಗೆರೆಯಿಂದ ಅದಕ್ಕೆ ತಿಳಿಯುತ್ತೆ. ಸಾರು ಮಾಡೋವಾಗ ಪಕ್ಕೆ ಮೀನಿನ ಪಕ್ಕ ನೋಡಿ, ಗೆರೆ ಕಾಣುತ್ತೆ. ಮಾತಾಡಿದರೂ ಪರವಾಗಿಲ್ಲ, ಕಾಲು ಕುಣಿಸಬಾರದು ಅಂತ ತಾತ ಹೇಳುತ್ತೆ.

ಇನ್ನೊಂದು ವಿಷಯ. ನೀರೊಳಗೆ ಮೀನು ನಮಗೆ ಕಾಣೋ ಜಾಗದಲ್ಲಿ ಇರಲ್ಲ! ಅದಕ್ಕಿಂತ ಕೆಳಗೆ ಇರುತ್ತೆ. ನೀರಿಂದ ಗಾಳಿಗೆ ಬರೋವಾಗ ಬೆಳಕು ಬಾಗುತ್ತೆ. ಲೋಟದ ನೀರಲ್ಲಿ ಪೆನ್ಸಿಲ್ ಇಟ್ಟರೆ ಮುರಿದ ಹಾಗೆ ಕಾಣೋದು ಇದೇ ಕಾರಣಕ್ಕೆ. ಅದಕ್ಕೆ ಬೆಂಡನ್ನು ನಿಮ್ಮ ಅಂದಾಜಿಗಿಂತ ಸ್ವಲ್ಪ ಮೇಲಕ್ಕೆ ಸರಿಸಿ, ಎರೆ ಇನ್ನೂ ಆಳಕ್ಕೆ ಹೋಗೋ ಹಾಗೆ ಮಾಡಿ. ನೆಲ ಮುಟ್ಟಬಾರದು, ನೆಲದಿಂದ ಒಂದು ಗೇಣು ಮೇಲೆ ಇರಬೇಕು.

ಬೆಂಡು ಹೇಳುವ ಮಾತು

ಬೆಂಡು ನೋಡೋದನ್ನು ಕಲಿತರೆ ಅರ್ಧ ವಿದ್ಯೆ ಬಂದಂಗೆ.

ಬೆಂಡು ಟುಕು ಟುಕು ಅಂತ ಕುಣಿದರೆ ಪಕ್ಕೆ ಮೂತಿಯಿಂದ ಮುಟ್ಟುತ್ತಿದೆ. ಎಳೆಯಬೇಡಿ. ಕುಣಿಯೋದು ನಿಂತು ಒಂದು ಸಲ ಕೆಳಗೆ ಇಳಿದಾಗ ಎಳೆಯಿರಿ.

ಬೆಂಡು ನಿಧಾನವಾಗಿ ಪಕ್ಕಕ್ಕೆ ನಡೆದುಕೊಂಡು ಹೋದರೆ ಜಿಲೇಬಿ. ಅದು ಬಾಯಲ್ಲಿಟ್ಟುಕೊಂಡು ಮನೆಗೆ ಹೋಗೋ ಥರ ಹೋಗುತ್ತೆ.

ಬೆಂಡು ಇದ್ದಕ್ಕಿದ್ದಂಗೆ ಮಾಯವಾದರೆ ಕೊರವ. ಕೋಲು ಗಟ್ಟಿಯಾಗಿ ಹಿಡ್ಕೊಳ್ಳಿ.

ಬೆಂಡು ಅಲ್ಲಾಡದೆ ಮಲಗಿಬಿಟ್ಟರೆ ಏಡಿ ಎರೆಯನ್ನು ಎತ್ತುತ್ತಿದೆ ಅಂತ ಅರ್ಥ. ಜಾಗ ಬದಲಾಯಿಸಿ.

ಎಳೆಯೋದು ಅಂದರೆ ಬಾವಿಯಿಂದ ಕೊಡ ಎಳೆದಂಗೆ ಅಲ್ಲ. ಮಣಿಕಟ್ಟು ಮಾತ್ರ ಸ್ವಲ್ಪ ಮೇಲಕ್ಕೆ ತಿರುಗಿಸಬೇಕು. ನಮ್ಮ ತಾತನಿಗೆ ಈಗ ಕಣ್ಣಿಗೆ ಪೊರೆ ಬಂದು ಬೆಂಡು ಕಾಣಲ್ಲ. ಆದರೂ ಹಿಡಿಯುತ್ತೆ. ದಾರವನ್ನು ತೋರುಬೆರಳ ಮೇಲೆ ಇಟ್ಟುಕೊಂಡು, ಅದುರೋದರ ಮೇಲೆ ಯಾವ ಮೀನು ಅಂತ ಹೇಳುತ್ತೆ. ಗಾಳಕ್ಕೆ ದಾರ ಪೋಣಿಸಿ ಕೊಡೋದು ಮಾತ್ರ ನನ್ನ ಕೆಲಸ.

ಮೀನು ಬಿಡಿಸುವುದು, ಕೈ ಕಾಪಾಡಿಕೊಳ್ಳುವುದು

ಜಿಲೇಬಿ ಹಿಡಿಯೋವಾಗ ತಲೆ ಕಡೆಯಿಂದ ಬಾಲದ ಕಡೆಗೆ ಕೈ ಸವರಿ ಬೆನ್ನ ಮುಳ್ಳನ್ನು ಮಲಗಿಸಿ ಹಿಡಿಯಬೇಕು. ಚೇಳುಮೀನನ್ನು ಕೈಯಲ್ಲಿ ಮುಟ್ಟಲೇಬೇಡಿ. ದಾರ ಕತ್ತರಿಸಿ. ಒಂದು ಗಾಳ ಹೋದರೆ ಹೋಗಲಿ. ಅಕಸ್ಮಾತ್ ಚುಚ್ಚಿದರೆ ಕೈಯನ್ನು ತಡೆಯೋವಷ್ಟು ಬಿಸಿ ನೀರಲ್ಲಿ ಇಟ್ಟರೆ ಉರಿ ಕಮ್ಮಿಯಾಗುತ್ತೆ. ಆಮೇಲೆ ಆಸ್ಪತ್ರೆಗೆ ತೋರಿಸಬೇಕು.

ಗಾಳದ ಮೊನೆಯ ಹಿಂದೆ ಒಂದು ಸಣ್ಣ ಮುಳ್ಳಿರುತ್ತೆ. ಒಳಗೆ ಹೋಗೋದು ಸುಲಭ, ವಾಪಸ್ ಬರಲ್ಲ. ಮೀನಿಗೆ ಹೇಗೋ ನಮ್ಮ ಬೆರಳಿಗೂ ಹಾಗೇ. ಹೋದ ದಸರಾ ರಜದಲ್ಲಿ ನಮ್ಮ ಚಿಕ್ಕಪ್ಪನ ಮಗ, ನಾಲ್ಕನೇ ಕ್ಲಾಸು, ನನ್ನ ಹಿಂದೆ ನಿಂತಿದ್ದ. ನಾನು ಹಿಂದೆ ನೋಡದೆ ಕೋಲು ಬೀಸಿದೆ. ಗಾಳ ಅವನ ಹೆಬ್ಬೆರಳಿಗೆ ಹೊಕ್ಕಿತು. ಹೆದರಿಕೆಯಲ್ಲಿ ನಾನು ಎಳೆದೆ. ಇನ್ನೂ ಆಳಕ್ಕೆ ಹೋಯಿತು. ಅವನು ಕಿರುಚಿದ. ತಾತ “ಎಳೀಬ್ಯಾಡ ಕಣ್ಲಾ, ದಾರ ಕುಯ್ಯಿ” ಅಂತ ಕೂಗಿತು. ದಾರ ಕುಯ್ದು, ಸೈಕಲ್ಲಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ಅಲ್ಲಿ ಡಾಕ್ಟರು ಮರಗಟ್ಟೋ ಇಂಜೆಕ್ಷನ್ ಕೊಟ್ಟು, ಗಾಳವನ್ನು ಮುಂದಕ್ಕೇ ತಳ್ಳಿ ಮೊನೆ ಆಚೆ ಬರಿಸಿ, ಮುಳ್ಳು ಕತ್ತರಿಸಿ, ಆಮೇಲೆ ಹಿಂದಕ್ಕೆ ತೆಗೆದರು. ಟಿ.ಟಿ. ಇಂಜೆಕ್ಷನ್ ಕೂಡ ಹಾಕಿದರು. ಅವನು ಅಳಲಿಲ್ಲ, ನಾನು ಅತ್ತೆ. ಅವತ್ತಿಂದ ನಾನು ಇಕ್ಕಳದಲ್ಲಿ ಗಾಳದ ಆ ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿಬಿಡುತ್ತೇನೆ. ಹತ್ತರಲ್ಲಿ ಒಂದೆರಡು ಮೀನು ತಪ್ಪಿಸಿಕೊಳ್ಳುತ್ತೆ. ಪರವಾಗಿಲ್ಲ. ಬೇಡದ ಮೀನನ್ನು ಬಿಡೋದೂ ಸುಲಭ.

ಯಾವ ಮೀನನ್ನು ಬಿಡಬೇಕು

ಕೈಬೆರಳಿಗಿಂತ ಚಿಕ್ಕದು ಬಿದ್ದರೆ ಬಿಡಬೇಕು. ಬಿಡೋ ಮುಂಚೆ ಕೈ ಒದ್ದೆ ಮಾಡಿಕೊಳ್ಳಿ. ಮೀನಿನ ಮೈಮೇಲಿನ ಲೋಳೆ ಅದಕ್ಕೆ ಚರ್ಮ ಇದ್ದಂಗೆ, ರೋಗ ಬರದಂಗೆ ಕಾಯುತ್ತೆ. ಒಣ ಕೈಯಲ್ಲಿ ಹಿಡಿದರೆ ಲೋಳೆ ಕಿತ್ತು ಬರುತ್ತೆ.

ಕೆರೆ ನೀರು ಇಳಿದಾಗ ಅಂಚಿನ ಕೆಸರಲ್ಲಿ ತಟ್ಟೆ ಆಕಾರದ ಗುಂಡಿಗಳು ಸಾಲಾಗಿ ಕಾಣುತ್ತಲ್ಲ, ಅದು ಎಮ್ಮೆ ಹೆಜ್ಜೆ ಅಂತ ನಾನು ತಿಳಿದಿದ್ದೆ. ಅಲ್ಲ! ಅದು ಗಂಡು ಜಿಲೇಬಿ ತೋಡಿದ ಗೂಡು. ಹೆಣ್ಣು ಅಲ್ಲಿ ಮೊಟ್ಟೆ ಇಟ್ಟು, ಆ ಮೊಟ್ಟೆಗಳನ್ನು ಬಾಯೊಳಗೆ ತುಂಬಿಕೊಳ್ಳುತ್ತೆ. ಮರಿಯಾಗಿ ಈಜೋವರೆಗೆ ಸುಮಾರು ಎರಡು ವಾರ ಬಾಯಲ್ಲೇ ಇಟ್ಟುಕೊಂಡು ಕಾಯುತ್ತೆ. ಅಷ್ಟು ದಿನ ಸರಿಯಾಗಿ ಊಟ ಮಾಡಲ್ಲ. ಒಂದು ಸಲ ನಾನು ಎತ್ತಿದ ಜಿಲೇಬಿ ಬಾಯಿಂದ ಹಳದಿ ಮೊಟ್ಟೆಗಳು ಸುರಿದವು. ನಮ್ಮ ಅವ್ವ ನೋಡಿ “ಬಿಟ್ಬಿಡು ಮಗ, ಬಾಣಂತಿ ಅದು” ಅಂತು.

ಅಮೆರಿಕ ದೇಶದ ಕೆರೆಗಳಲ್ಲಿ ಸನ್‌ಫಿಶ್ ಅನ್ನೋ ಅಂಗೈ ಅಗಲದ ಮೀನು ಇದೆಯಂತೆ. ಅದರಲ್ಲೂ ಗಂಡೇ ಬಾಲದಲ್ಲಿ ಗುಂಡಿ ಗುಡಿಸಿ, ಮೊಟ್ಟೆಗೆ ಕಾವಲು ಕಾಯುತ್ತಂತೆ. ಅಲ್ಲಿಯ ಮಕ್ಕಳೂ ನಮ್ಮ ಹಾಗೇ ಎರೆಹುಳ, ಬೆಂಡು, ಸಣ್ಣ ಗಾಳದಿಂದಲೇ ಅದನ್ನು ಹಿಡಿಯೋದು ಕಲಿಯುತ್ತಾರೆ ಅಂತ ವಿಜ್ಞಾನದ ಮೇಷ್ಟ್ರು ಹೇಳಿದರು. ನನಗೆ ಬಹಳ ಖುಷಿಯಾಯ್ತು.

ಕೊರವದ ಮರಿಗಳು ಕೆಂಪಗೆ ಉಂಡೆ ಕಟ್ಟಿಕೊಂಡು ನೀರಿನ ಮೇಲೆ ಓಡಾಡುತ್ತವೆ. ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಆಗ ಎರೆ ಹಾಕಿದರೆ ಸಿಟ್ಟಿಗೆ ಬಂದು ಕಚ್ಚುತ್ತವೆ. ಆದರೆ ಹಿಡಿಯಬಾರದು. ತಾಯಿ ತಂದೆ ಹೋದರೆ ಆ ಉಂಡೆಯೆಲ್ಲ ಬೇರೆ ಮೀನಿನ ಪಾಲು. ಮುಂಗಾರಿನ ಮೊದಲ ನೀರು ಬಂದಾಗ ಪಕ್ಕೆಗಳು ಹೊಟ್ಟೆ ತುಂಬ ಮೊಟ್ಟೆ ಇಟ್ಟುಕೊಂಡು ಹಳ್ಳಕ್ಕೆ ಎದುರು ಹತ್ತುತ್ತವೆ. ಆಗಲೂ ನಾವು ಗಾಳ ಹಾಕಲ್ಲ.

ಹೊಳೆಯಲ್ಲಿ ಬಿಳಿಮೀನು ಬಿದ್ದರೆ ಚಿಕ್ಕದಿರಲಿ ದೊಡ್ಡದಿರಲಿ ಬಿಡಬೇಕು. ನಮ್ಮ ಕಾವೇರಿ ಸೀಮೆಯ ಬಿಳಿಮೀನು ಬಹಳ ದೊಡ್ಡದಾಗುತ್ತಿತ್ತು. 1946ರಲ್ಲಿ ಮೈಸೂರು ಸೀಮೆಯಲ್ಲಿ ಗಾಳಕ್ಕೆ ಬಿದ್ದ ಒಂದು ಮೀನು 120 ಪೌಂಡು ಇತ್ತು. ಅಂದರೆ ಸುಮಾರು 54 ಕೆ.ಜಿ., ನಮ್ಮ ತರಗತಿಯ ಯಾರಿಗಿಂತಲೂ ಜಾಸ್ತಿ! ಈಗ ನಮ್ಮ ಕಾವೇರಿ ಸೀಮೆಯ ಕಿತ್ತಳೆ ರೆಕ್ಕೆಯ ಬಿಳಿಮೀನು ಎಷ್ಟು ಕಮ್ಮಿಯಾಗಿದೆ ಅಂದರೆ, 2018ರಲ್ಲಿ ಪ್ರಪಂಚದಲ್ಲೇ ಅಳಿದು ಹೋಗೋ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಅದನ್ನು ಸೇರಿಸಿದರು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿ ಹೊಳೆಯಲ್ಲಿ ಮೀನು ಹಿಡಿಯೋ ಹಾಗಿಲ್ಲ. ದೇವರ ಮೀನು ಅಂತ ಜನ ಪುರಿ ಹಾಕುತ್ತಾರೆ.

ಮಡುವಿಗೆ ವಿಷ ಹಾಕಿದ್ದು

ಈಗ ಮಡುವಿನ ಮಾತು. 2024ರ ಬೇಸಿಗೆ ನಿಮಗೆಲ್ಲ ನೆನಪಿದೆ. ಮಳೆ ಇಲ್ಲದೆ ಹೊಳೆ ಹರಿಯೋದು ನಿಂತಿತ್ತು. ಮಡುವಿನಲ್ಲಿ ಮಾತ್ರ ನೀರಿತ್ತು. ಒಂದು ರಾತ್ರಿ ಯಾರೋ ಬಂದು ಆ ಮಡುವಿಗೆ ಬೆಳೆಗೆ ಹೊಡೆಯೋ ಔಷಧಿ ಸುರಿದರು. ತೇಲಿದ ದೊಡ್ಡ ಮೀನುಗಳನ್ನು ಮೂಟೆ ಕಟ್ಟಿಕೊಂಡು ಹೋದರು. ಬೆಳಿಗ್ಗೆ ನಾನೂ ತಾತನೂ ಹೋದಾಗ ಮಡುವಿನ ತುಂಬ ಬೆಳ್ಳಗೆ ಹೊಟ್ಟೆ ಮೇಲಾಗಿ ಬಿದ್ದಿದ್ದವು. ಪಕ್ಕೆ, ಹಾವುಮೀನು, ಬೆರಳಷ್ಟು ಮರಿಗಳು, ಏಡಿ, ಕಪ್ಪೆ, ಒಂದು ನೀರಹಾವು ಕೂಡ. ಬಕೆಟ್ ತಂದಿದ್ದ ಇಬ್ಬರು ಹುಡುಗರಿಗೆ ತಾತ “ಮುಟ್ಬ್ಯಾಡ್ರಿ, ತಿಂದ್ರೆ ನೀವೂ ಹಿಂಗೇ ಮಲಗ್ತೀರಿ” ಅಂತ ಬೈದು ಕಳಿಸಿತು. ದನಗಳನ್ನು ಆ ನೀರಿಗೆ ಬಿಡಬೇಡಿ ಅಂತ ಊರಲ್ಲಿ ಸಾರಿಸಿದರು. ಹದಿನೈದು ದಿನ ದನಕ್ಕೆ ಬೋರ್‌ವೆಲ್ ನೀರು ಹೊತ್ತೆವು.

ಗಾಳಕ್ಕೂ ವಿಷಕ್ಕೂ ವ್ಯತ್ಯಾಸ ಅವತ್ತು ನನಗೆ ಗೊತ್ತಾಯಿತು. ಗಾಳ ಒಂದೊಂದೇ ಮೀನನ್ನು ಕೇಳುತ್ತೆ. ಹಸಿವಿಲ್ಲದ ಮೀನು ಬರಲ್ಲ. ಚಿಕ್ಕದು ಬಂದರೆ ಬಿಡಬಹುದು. ವಿಷ ಯಾರನ್ನೂ ಕೇಳಲ್ಲ. ತಾಯಿ, ಮರಿ, ಮೊಟ್ಟೆ, ಮೀನು ತಿನ್ನೋ ಹುಳ ಎಲ್ಲವನ್ನೂ ಒಂದೇ ಸಲ ತೆಗೆಯುತ್ತೆ. ತೋಟೆ ಸಿಡಿಸೋದೂ ಹಾಗೇ. ಬೇಸಿಗೆಯಲ್ಲಿ ಮಡುವಿಗೆ ವಿಷ ಹಾಕಿದರೆ ಆ ಭಾಗದ ಹೊಳೆಗೇ ಬೀಜ ಇಲ್ಲದಂಗಾಗುತ್ತೆ. ಯಾಕಂದರೆ ಮುಂದಿನ ಮಳೆಗಾಲಕ್ಕೆ ಮೊಟ್ಟೆ ಇಡಬೇಕಾದ ಮೀನೆಲ್ಲ ಅಲ್ಲೇ ಇರುತ್ತೆ. ನೀರಿಗೆ ವಿಷ ಹಾಕಿ, ಮದ್ದು ಸಿಡಿಸಿ ಮೀನು ಕೊಲ್ಲಬಾರದು ಅಂತ 1897ರಲ್ಲೇ ನಮ್ಮ ದೇಶದಲ್ಲಿ ಕಾನೂನು ಮಾಡಿದ್ದಾರೆ ಅಂತ ಮೇಷ್ಟ್ರು ಹೇಳಿದರು. ಅಂದರೆ ನಮ್ಮ ಮುತ್ತಾತನ ಕಾಲದ ಕಾನೂನು. ಆದರೂ ರಾತ್ರಿ ಬರೋರಿಗೆ ಅದು ಗೊತ್ತಿಲ್ಲ. ಗೊತ್ತಿದ್ದರೂ ಹೆದರಿಕೆಯಿಲ್ಲ.

ಆ ವರ್ಷ ಜುಲೈಯಲ್ಲಿ ಮಳೆ ಬಂತು, ಗೊರೂರು ತುಂಬಿತು, ನೀರು ಬಿಟ್ಟರು, ಹೊಳೆ ಎರಡೂ ದಡ ಮುಟ್ಟಿ ಹರಿಯಿತು. ಮಡು ತೊಳೆದು ಹೋಯಿತು. ದೀಪಾವಳಿ ಹೊತ್ತಿಗೆ ತಾತ “ನಡೀಲಾ ನೋಡಾನ” ಅಂತು. ಇಬ್ಬರೂ ಹೋಗಿ ಗಾಳ ಹಾಕಿದೆವು. ಮೊದಲ ದಿನ ಏನೂ ಇಲ್ಲ. ಎರಡನೇ ಸಲ ಹೋದಾಗಲೂ ಇಲ್ಲ. ಮೂರನೇ ಸಲ, ಸಂಕ್ರಾಂತಿ ಆದ ಮೇಲೆ, ತಾತ ಬೆರಳ ಮೇಲೆ ದಾರ ಇಟ್ಟುಕೊಂಡು ಕೂತಿತ್ತು. “ಬಂತು, ಪಕ್ಕೆ” ಅಂತು. ಎತ್ತಿದರೆ ನಿಜವಾಗಿ ಪಕ್ಕೆ, ನನ್ನ ಅಂಗೈ ಉದ್ದ. ಮೇಲಿನ ಹೊಳೆಯಿಂದ ನೀರಿನ ಜೊತೆ ಇಳಿದು ಬಂದಿರಬೇಕು. ನಾನು ಚೀಲ ತೆಗೆದೆ. ತಾತ ಅದನ್ನು ಕೈಯಲ್ಲಿ ಸವರಿ ನೋಡಿ ನೀರಿಗೆ ಬಿಟ್ಟಿತು. ಯಾಕೆ ತಾತ ಅಂದೆ. “ಮನೆ ಖಾಲಿಯಾಗಿತ್ತು, ಈಗ ಒಕ್ಕಲು ಬಂದವೆ. ಒಂದು ವರ್ಷ ಬಿಡು” ಅಂತು. ಅದಕ್ಕೇ ಈ ವರ್ಷ ನಾವು ಮಡುವಿನಲ್ಲಿ ಗಾಳ ಹಾಕುತ್ತಿಲ್ಲ, ಕೆರೆಯಲ್ಲಿ ಜಿಲೇಬಿ ಮಾತ್ರ ಹಿಡಿಯುತ್ತೇವೆ. ನೀವೂ ಹಾಗೇ ಮಾಡಬೇಕು ಅಂತ ಕೇಳಿಕೊಳ್ಳುತ್ತೇನೆ. ರಾತ್ರಿ ಯಾರಾದರೂ ಡಬ್ಬ ಹಿಡಿದು ಹೊಳೆ ಕಡೆ ಹೋಗೋದು ಕಂಡರೆ ದೊಡ್ಡವರಿಗೆ ಹೇಳಿ. ನೀವೇ ತಡೆಯೋಕೆ ಹೋಗಬೇಡಿ.

ಮರೆಯಬಾರದ ಮಾತುಗಳು

1. ಒಬ್ಬರೇ ನೀರಿನ ಹತ್ತಿರ ಹೋಗಬೇಡಿ. ದೊಡ್ಡವರು ಯಾರಾದರೂ ಜೊತೆಗಿರಬೇಕು.
2. ನಾಲೆಯಲ್ಲಿ ಗಾಳ ಹಾಕಲೇಬೇಡಿ. ನಾಲೆಯ ಏರಿ ಪಾಚಿ ಕಟ್ಟಿ ಜಾರುತ್ತೆ, ಬಿದ್ದರೆ ಹತ್ತೋಕೆ ಹಿಡಿ ಸಿಗಲ್ಲ. ಈಜು ಬರೋರೂ ಹೋಗಿದ್ದಾರೆ.
3. ಅಣೆಕಟ್ಟೆಯಿಂದ ನೀರು ಬಿಡುತ್ತಾರೆ ಅಂತ ಸಾರಿದ ದಿನ ಹೊಳೆಗೆ ಇಳಿಯಬೇಡಿ.
4. ಗುಡುಗು ಮಿಂಚು ಬಂದರೆ ಕೋಲು ಮಡಗಿ ಮನೆಗೆ ಬನ್ನಿ.
5. ತುಂಡಾದ ತಂಗೂಸಿ ದಾರವನ್ನು ದಡದಲ್ಲಿ ಬಿಸಾಕಬೇಡಿ. ಅದು ಕೊಳೆಯಲ್ಲ. ಕೆರೆ ಏರಿ ಮೇಲೆ ಒಂದು ಮಿಂಚುಳ್ಳಿ ಕಾಲಿಗೆ ದಾರ ಸುತ್ತಿಕೊಂಡು ನೇತಾಡುತ್ತಿದ್ದದ್ದನ್ನು ನಾನೇ ಬಿಡಿಸಿದ್ದೇನೆ. ಜೇಬಲ್ಲಿ ಹಾಕ್ಕೊಂಡು ಬನ್ನಿ.
6. ಕೋಲು ಬೀಸೋ ಮುಂಚೆ ಹಿಂದೆ ನೋಡಿ. (ನಮ್ಮ ಚಿಕ್ಕಪ್ಪನ ಮಗ ಇದನ್ನು ದೊಡ್ಡ ಅಕ್ಷರದಲ್ಲಿ ಬರಿ ಅಂದಿದ್ದಾನೆ.)
7. ಮನೆಯವರು ಎಷ್ಟು ಜನವೋ ಅಷ್ಟಕ್ಕೆ ಸಾಕಾಗುವಷ್ಟೇ ಹಿಡಿಯಿರಿ.

‘ಮೀನಿನ ಮರಿಗೆ ಈಜು ಕಲಿಸಬೇಕಾ’ ಅಂತ ಗಾದೆ ಇದೆ. ಬೇಡ. ಆದರೆ ಮೀನಿಗೆ ಈಜೋಕೆ ನೀರು ಬೇಕಲ್ಲ, ಅದನ್ನು ಕೆಡಿಸದೆ ಇಡೋದನ್ನು ನಾವೇ ಕಲಿಯಬೇಕು.

ಬರೆಯುತ್ತಾ ಬರೆಯುತ್ತಾ ನಾಲ್ಕು ಡ್ರಾಯಿಂಗ್ ಹಾಳೆ ಆಗಿಹೋಯ್ತು. ಪಕ್ಕದಲ್ಲಿ ಗಂಟಿನ ಚಿತ್ರವನ್ನೂ ಜಿಲೇಬಿ ಗೂಡಿನ ಚಿತ್ರವನ್ನೂ ಬರೆದಿದ್ದೇನೆ. ಬೆರಳಿಟ್ಟು ಮಸಿ ಮಾಡಬೇಡಿ. ನಿಮ್ಮ ಮನೆಯಲ್ಲಿ ಮೀನುಗಳಿಗೆ ಬೇರೆ ಹೆಸರು ಹೇಳುತ್ತಿದ್ದರೆ ನನಗೆ ಬರೆದು ಕೊಡಿ, ಮುಂದಿನ ತಿಂಗಳು ಪಟ್ಟಿ ಮಾಡಿ ಹಾಕೋಣ. ತಪ್ಪಿದ್ದರೆ ಗುರುಗಳು ತಿದ್ದಬೇಕು.



ಇಂತಿ,
7ನೇ ತರಗತಿ ವಿದ್ಯಾರ್ಥಿ